ಬುತ್ತಿಯೊಳಗಿನ ಬಿಂಬಲಿ

ಕಾರವಾರದಿಂದ ತಿರುಗಿ ಬಂದ ಬುತ್ತಿಯ ಡಬ್ಬಿಯನ್ನು ತೊಳೆಯಲೆಂದು ಮುಚ್ಚಳ ತೆಗೆದರೆ ಒಳಗೆ ನಾಲ್ಕು ಬಿಂಬಲಿಕಾಯಿ, ಸಾರಿಗೆ ಹುಳಿಗೆಂದು ಹಾಕುವ ಬೆರಳುದ್ದದ ಹಸಿರು ಕಾಯಿ. ತೊಟ್ಟು ಸಮೇತ, ಆಗಷ್ಟೇ ಮರದಿಂದ ಕಿತ್ತ ಹಾಗಿದ್ದವು. ಡಬ್ಬಿಯನ್ನು ಯಾರೋ ಆಗಲೇ ತೊಳೆದಿದ್ದರು, ಅದೂ ಮೂಲೆಮೂಲೆಗೆ ತೆಂಗಿನ ನಾರು ಹಾಕಿ ತಿಕ್ಕಿ. ನನ್ನ ಮಗಳೋ ಚಹಾ ಕುಡಿದ ಲೋಟವನ್ನು ಕುಡಿದಲ್ಲೇ ಬಿಟ್ಟು ಏಳುವವಳು. ನಾನು ಆ ಬಿಂಬಲಿಗಳನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡುತ್ತ ನಿಂತೆ.

ನಾನು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಅಕ್ಕೋರು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆಲ್ಲ ಅದೇ ಹೆಸರು. ನನ್ನ ಗಂಡನಿಗೆ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಕೆಲಸ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಒಬ್ಬಳೇ ಮಗಳು ಕಾರವಾರದಲ್ಲಿ ಬಿಎಸ್ಸಿ ಮೂರನೇ ವರ್ಷ ಓದುತ್ತಿದ್ದಳು. ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಒಂದು ತಾಸು. ದಿನಾ ಹೋಗಿಬರುವ ಮಕ್ಕಳು ಬಸ್ಸು ತುಂಬ ಇದ್ದಾರೆ. ಆದರೆ ನನಗೆ ಹೆದ್ದಾರಿಯ ಮೇಲೆ ನಂಬಿಕೆ ಇರಲಿಲ್ಲ, ಹಾಸ್ಟೆಲ್ಲಿಗೆ ಸೇರಿಸಿದೆ. ಸೇರಿಸಿದ ಮೇಲೆ ಹಾಸ್ಟೆಲ್ಲಿನ ಊಟದ ಮೇಲೂ ನಂಬಿಕೆ ಹೋಯಿತು.

ಅದಕ್ಕೇ ಬುತ್ತಿ. ಹನ್ನೊಂದೂವರೆಯ ಸಣ್ಣ ಬಿಡುವಿನಲ್ಲಿ ನಾನು ಶಾಲೆಯಿಂದ ಬಸ್‌ಸ್ಟ್ಯಾಂಡಿಗೆ ಓಡಿ, ಕಾರವಾರದ ಬಸ್ಸಿನ ಕಂಡಕ್ಟರ ಕೈಗೆ ಡಬ್ಬಿ ಕೊಡುವುದು. ಊಟದ ಹೊತ್ತಿಗೆ ಮಗಳು ಕಾಲೇಜಿನಿಂದ ಬಂದು ಅಲ್ಲಿ ಇಸಿದುಕೊಳ್ಳುವುದು. ಖಾಲಿ ಡಬ್ಬಿ ಸಂಜೆ ಅದೇ ಬಸ್ಸಿಗೆ ವಾಪಸು. ಬಸ್ಸಿನ ಕೈಯಲ್ಲಿ ಬುತ್ತಿ, ಮರೆತ ಕನ್ನಡಕ, ಔಷಧಿ ಕಳಿಸುವುದು ನಮ್ಮಲ್ಲಿ ಹೊಸದೇನಲ್ಲ. ಇಪ್ಪತ್ತು ವರ್ಷದ ಹುಡುಗಿಗೆ ದಿನಾ ಅನ್ನ ಸಾರು ಕಳಿಸುವುದು ಮಾತ್ರ ಸ್ವಲ್ಪ ಹೊಸದು. ಸಹೋದ್ಯೋಗಿಗಳು ನಗುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿರಲಿಲ್ಲ.

ಡಬ್ಬಿ ಖಾಲಿಯಾಗಿ ಬಂತೆಂದರೆ ಮಗಳು ಉಂಡಳು, ಉಂಡಳೆಂದರೆ ಎಲ್ಲ ಸರಿಯಾಗಿದೆ. ಇದು ನನ್ನ ಲೆಕ್ಕಾಚಾರವಾಗಿತ್ತು. ಈ ಬಿಂಬಲಿ ಅದನ್ನು ಕೆಡಿಸಿತು. ನಮ್ಮ ಕಡೆ ಬೇರೆಯವರ ಮನೆಯ ಪಾತ್ರೆಯನ್ನು ಬರಿದಾಗಿ ತಿರುಗಿಸಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತಾರೆ. ಆದರೆ ಅದು ಸಂಸಾರ ಮಾಡುವ ಹೆಂಗಸರ ರೂಢಿ, ಹಾಸ್ಟೆಲ್ಲಿನ ಹುಡುಗಿಯರಿಗೆ ಅದೆಲ್ಲ ಎಲ್ಲಿ ಹೊಳೆಯಬೇಕು? ಮರುದಿನ ಡಬ್ಬಿಯಲ್ಲಿ ಒಂದು ಹಿಡಿ ಹಸಿಮೆಣಸು ಬಂತು. ಅದರ ಮರುದಿನ ಅಬ್ಬಲಿಗೆ ಹೂವಿನ ಒಂದು ತುಂಡು ದಂಡೆ.

"ಇದನ್ನೆಲ್ಲ ಯಾರ್ ಕೊಡ್ತ್ರೇ?" ಎಂದು ಫೋನಿನಲ್ಲಿ ಕೇಳಿದೆ.

"ಗುರ್ತಿನವ್ರು," ಎಂದಳು. ಅಷ್ಟೇ.

ಭಾನುವಾರ ಗಂಡನ ಹತ್ತಿರ ಹೇಳಿಕೊಂಡೆ. ಯಾವನೋ ಹುಡುಗ ಇರಬಹುದೇ ಎಂಬ ನನ್ನ ಅನುಮಾನ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. "ಬಿಂಬಲಿ ಕೊಟ್ಟು ಪ್ರೀತಿ ಮಾಡೂ ಹುಡುಗ ಸಿಕ್ಕಿದ್ರೆ ಬಿಡ್ಬೇಡ ಮಾರಾಯ್ತಿ. ಮೀನಿನ ಪದಾರ್ಥಕ್ಕೆ ಹುಳಿ ತಪ್ಪೂದಿಲ್ಲ," ಎಂದರು. ನನಗೆ ನಗು ಬರಲಿಲ್ಲ.

ಅದೇ ವಾರ ಮಗಳ ಸಸ್ಯಶಾಸ್ತ್ರದ ಪ್ರಾಧ್ಯಾಪಕರ ಫೋನು ಬಂತು. ಅವರಿಗೆ ನನ್ನ ನಂಬರು ಚೆನ್ನಾಗಿ ಗೊತ್ತು, ತಿಂಗಳಿಗೆ ಎರಡು ಸಲವಾದರೂ ನಾನೇ ಫೋನು ಮಾಡುತ್ತಿದ್ದೆ. ಈ ಸಲ ಅವರಾಗಿಯೇ ಮಾಡಿದ್ದರು. ಮಗಳು ಬರೆಯುವ ಪರೀಕ್ಷೆಯಲ್ಲಿ ಮುಂದೆ, ಆದರೆ ಮೌಖಿಕ ಪರೀಕ್ಷೆಯಲ್ಲಿ ಬಾಯಿಯನ್ನೇ ಬಿಡುವುದಿಲ್ಲವಂತೆ. ಕಳೆದ ಸಲ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ ಒಂದಕ್ಕೂ ಉತ್ತರ ಕೊಡದೆ ಆ ಪ್ರಾಯೋಗಿಕ ಪರೀಕ್ಷೆ ಹಾಗೇ ಬಾಕಿ ಉಳಿದಿತ್ತು. ಈ ವಿಷಯ ನನಗೆ ಗೊತ್ತೇ ಇರಲಿಲ್ಲ!

"ಇನ್ನು ಹದಿನೈದು ದಿನಕ್ಕೆ ಮತ್ತೆ ಪರೀಕ್ಷೆ ಉಂಟು ಅಕ್ಕೋರೆ. ಆವಾಗೂ ಸುಮ್ನೆ ನಿಂತ್ರೆ ವರ್ಷ ಹೋಯ್ತು, ಎಮ್ಮೆಸ್ಸಿ ಸೀಟಿನ ಆಸೆ ಬಿಡಬೇಕು," ಎಂದರು. ಫೋನಿಡುವ ಮೊದಲು, "ಪ್ರಶ್ನೆ ಕೇಳಿದ ಕೂಡ್ಲೇ ಅವ್ಳು ಬಾಗಿಲ ಕಡೆ ನೋಡ್ತಾಳೆ. ಎಂತಕ್ಕೆ ಅಂತ ನಂಗೂ ತಿಳಿಲಿಲ್ಲ," ಎಂದರು.

ಎಮ್ಮೆಸ್ಸಿ ಅವಳ ಒಂದೇ ಒಂದು ಆಸೆ. ಗಿಡಗಳ ಹುಚ್ಚು ಅವಳಿಗೆ ಸಣ್ಣಂದಿನಿಂದ. ಆ ರಾತ್ರಿ ಅಡುಗೆಮನೆ ಒರೆಸುತ್ತ ಯೋಚಿಸಿದೆ. ಮನೆಯಲ್ಲಿ ಸಾಕಷ್ಟು ಮಾತಾಡುವ ಹುಡುಗಿ ಅಲ್ಲಿ ಯಾಕೆ ಮೂಕಿಯಾಗುತ್ತಾಳೆ? ಹಾಗೆ ಯೋಚಿಸುತ್ತ ಇನ್ನೊಂದು ಪ್ರಶ್ನೆ ಎದ್ದಿತು. ಮನೆಯಲ್ಲಿ ಅವಳು ಮಾತಾಡುತ್ತಾಳೆಯೇ? ಅಥವಾ ನಾನು ಮಾತಾಡುತ್ತೇನೆಯೇ?

ನೆನಪು ಒಂದೊಂದಾಗಿ ಬಂತು. ಅವಳು ಹೈಸ್ಕೂಲಿನಲ್ಲಿದ್ದಾಗ ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. "ಎಲ್ಲಿ ನೋವು?" ಎಂದು ಡಾಕ್ಟರು ಅವಳನ್ನು ಕೇಳಿದರೆ "ಎಡಗಡೆ" ಎಂದವಳು ನಾನು. "ಹೊಟ್ಟೆ ಯಾರದ್ದು?" ಎಂದು ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದ್ದರು. ಕಾಲೇಜಿನ ಅರ್ಜಿಗಳನ್ನೆಲ್ಲ ತುಂಬಿದವಳು ನಾನು. ಯಾವ ವಿಷಯ ಬೇಕೆಂದು ಕೌಂಟರಿನಲ್ಲಿ ಹೇಳಿದವಳು ನಾನು. ಮೊದಲ ವರ್ಷದ ಮೌಖಿಕ ಪರೀಕ್ಷೆಯ ದಿನ ರಜೆ ಹಾಕಿ ಹೋಗಿ ಪ್ರಯೋಗಾಲಯದ ಬಾಗಿಲಲ್ಲಿ ನಿಂತಿದ್ದೆ. ಅವಳು ತಡವರಿಸಿದಾಗೆಲ್ಲ ಅಲ್ಲಿಂದಲೇ ತುಟಿ ಅಲ್ಲಾಡಿಸಿ ಧೈರ್ಯ ಹೇಳಿದ್ದೆ. ಶಾಲೆಯಲ್ಲಿ ಮಗನ ಚೀಲ ಹೊತ್ತು ಬರುವ ತಾಯಂದಿರಿಗೆ ಬುದ್ಧಿ ಹೇಳುವುದರಲ್ಲಿ ಮಾತ್ರ ನಾನು ಎತ್ತಿದ ಕೈ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಸುಳ್ಳಲ್ಲ.

ಇಷ್ಟೆಲ್ಲ ಹೊಳೆದ ಮೇಲೂ ನಾನು ಸುಮ್ಮನಿದ್ದೆನೆಂದು ತಿಳಿಯಬೇಡಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಪರೀಕ್ಷೆಗೆ ಒಂದು ವಾರವಿದ್ದಾಗ ರಜೆ ಹಾಕಿ, ಬುತ್ತಿಯನ್ನು ಎಂದಿನಂತೆ ಕಂಡಕ್ಟರ ಕೈಗೆ ಕೊಟ್ಟು ಅದೇ ಬಸ್ಸಿನಲ್ಲಿ ನಾನೂ ಹತ್ತಿ ಕುಳಿತೆ. ಬಿಂಬಲಿ ಎಲ್ಲಿಂದ ಬರುತ್ತದೆ ಎನ್ನುವುದನ್ನು ಕಣ್ಣಾರೆ ನೋಡದೆ ನನಗೆ ನಿದ್ದೆ ಇರಲಿಲ್ಲ.

ಅವರ್ಸಾ ದಾಟಿದ ಮೇಲೆ ಕಂಡಕ್ಟರು ಪಕ್ಕದ ಸೀಟಿಗೆ ಬಂದು ಕುಳಿತರು. ನಾನು ನೇರವಾಗಿ ಕೇಳಿದೆ.

ಅವರು ಟಿಕೆಟ್ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಕೆರೆದರು. "ಹೇಳಬಾರ್ದು ಅಂದ್ಕಂಡಿದ್ದೆ ಅಕ್ಕೋರೆ. ನಾ ಈ ಬಸ್ಸಿಗೆ ಬಂದ ಮೊದ್ಲ ದಿವ್ಸ ನಿಮ್ಮ ಮಗಳು ಬಂದು ಬಸ್ಸಿನ ಹತ್ರ ನಿಂತ್ಲು. ಬುತ್ತಿ ಕೊಡಿ ಅಂತ ಕೇಳೂಕೆ ನಾಚ್ಕೆ. ನಂಗೆ ಅವ್ಳ ಗುರ್ತಿಲ್ಲ. ಹಂಗೇ ನಿಂತು ತಿರುಗಿ ಹೊರಟ್ಲು. ಬುತ್ತಿ ವಾಪಸ್ ತಂದ್ರೆ ನೀವ್ ಬೈತ್ರಿ. ಹಂಗಾಗಿ ಅಲ್ಲೇ ಸೊಪ್ಪು ಮಾರೂ ಹೆಂಗಸಿನ ಹತ್ರ ಇಟ್ಟೆ. ಅವ್ರೇ ತಂಗಿನ ಕೂಗಿ ಕರ್ದು ಊಟಕ್ಕೆ ಕೂರ್ಸಿದ್ರು."

"ಅವರು ಯಾರು?"

"ನಿಮ್ಮ ಊರ್ ಬದಿಯವ್ರೇ. ಬೆಳಿಗ್ಗೆ ಮೊದ್ಲ ಬಸ್ಸಿಗೆ ಬುಟ್ಟಿ ತಕಂಡು ಬರ್ತ್ರು," ಎಂದು ಹೇಳಿ ಅವರು ಹಾರವಾಡದ ಟಿಕೆಟ್ಟಿಗೆ ಎದ್ದು ಹೋದರು. ಬಿಣಗಾ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತಲೇ ಇದ್ದೆ, ಕಂಡದ್ದು ಏನೂ ನೆನಪಿಲ್ಲ.

ಕಾರವಾರದಲ್ಲಿ ಎಲ್ಲರೂ ಇಳಿದ ಮೇಲೆ ಇಳಿದೆ. ಬಸ್‌ಸ್ಟ್ಯಾಂಡಿನ ಹೊರಬದಿಯ ಗೋಡೆಗೆ ಒರಗಿ ನನ್ನದೇ ವಯಸ್ಸಿನ ಹೆಂಗಸೊಬ್ಬರು ಗೋಣಿ ಹಾಸಿ ಕುಳಿತಿದ್ದರು. ಮುಂದೆ ಹರಿವೆ, ಬಸಳೆ, ಒಂದು ಬುಟ್ಟಿ ಬಿಂಬಲಿ. ಅವರ ಪಕ್ಕದಲ್ಲಿ ಚಕ್ಕಳಬಕ್ಕಳ ಹಾಕಿ ಕುಳಿತು ಹರಿವೆಯ ಕಟ್ಟಿಗೆ ನೀರು ಚಿಮುಕಿಸುತ್ತಿದ್ದವಳು ನನ್ನ ಮಗಳು. ನಾನು ಕಂಬದ ಹಿಂದೆ ನಿಂತೆ.

"ಬೆಳಿಗ್ಗೆ ಕೊಯ್ದದ್ದು ಅಮ್ಮಾ, ತೊಟ್ಟು ಮುರ್ದು ನೋಡಿ," ಎಂದು ಮಗಳು ಗಿರಾಕಿಯೊಬ್ಬರಿಗೆ ಹೇಳುತ್ತಿದ್ದಳು. "ಕೆಂಪು ಹರಿವೆ ತಕಳಿ, ಬಿಳೀದು ಇವತ್ತು ಸ್ವಲ್ಪ ಬಲ್ತದೆ. ಸುಳ್ಳು ಹೇಳಿ ಮಾರೂಕಾಗ." ಗಿರಾಕಿ ನಗುತ್ತ ಎರಡು ಕಟ್ಟು ಕೊಂಡುಹೋದರು. ಅಂಥ ದೊಡ್ಡ ದನಿ ನನ್ನ ಮಗಳಿಗೆ ಇದೆಯೆಂದು ನನಗೆ ಇಪ್ಪತ್ತು ವರ್ಷ ಗೊತ್ತಿರಲಿಲ್ಲ.

ಸೊಪ್ಪಿನವರು ಒಂದು ಬಳ್ಳಿ ಎತ್ತಿ ಹಿಡಿದರು. "ಇದ್ಕೆ ನಿಮ್ಮ ಕಾಲೇಜಲ್ಲಿ ಎಂತಾ ಹೇಳ್ತ್ರೇ ಮಗಾ?"

"ಬಸೆಲ್ಲಾ."

"ಹೋಗ್! ಬಸಳೆ ಅಂದ್ರೆ ಅವ್ರಿಗೆ ಬಾಯ್ ತಿರುಗೂದಿಲ್ಲಾ?" ಎಂದು ಅವರು ನಕ್ಕರು. ಮಗಳೂ ನಕ್ಕು, ಎಲೆಯನ್ನು ಮಡಚಿ ತೋರಿಸುತ್ತ ಅದು ಯಾಕೆ ಲೋಳೆಯಾಗುತ್ತದೆ, ನೀರನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂದು ವಿವರಿಸತೊಡಗಿದಳು. ಅವರು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದರು, ಇವಳು ಉತ್ತರ ಕೊಡುತ್ತಿದ್ದಳು. ಒಂದು ಸಲವೂ ಆಚೀಚೆ ನೋಡಲಿಲ್ಲ. ನನಗೆ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಅದನ್ನು ಯಾಕೆ ಮುಚ್ಚಿಡಲಿ?

ಅಲ್ಲಿಂದಲೇ ಹಿಂತಿರುಗಬೇಕಿತ್ತು. ಆದರೆ ನಾನು ಕಂಬ ಬಿಟ್ಟು ಮುಂದೆ ಬಂದೆ.

ಮಗಳು ತಲೆ ಎತ್ತಿ ನನ್ನನ್ನು ಕಂಡಳು. ಅಷ್ಟರಲ್ಲಿ ಇನ್ನೊಬ್ಬರು ಬಂದು ಹರಿವೆಯ ಕಟ್ಟು ಎತ್ತಿ, "ಇವತ್ತಿಂದಾ?" ಎಂದು ಅವಳನ್ನೇ ಕೇಳಿದರು. ಅವಳ ಬಾಯಿ ತೆರೆಯಿತು, ಮಾತು ಬರಲಿಲ್ಲ. ಮೆಲ್ಲಗೆ ನನ್ನ ಕಡೆ ನೋಡಿದಳು.

"ಹೌದು, ಇವತ್ತಿಂದೇ," ಎಂದೆ ನಾನು.

ಸೊಪ್ಪಿನವರು ನನ್ನನ್ನು ಕೆಳಗಿನಿಂದ ಮೇಲೆ ನೋಡಿದರು. "ನೀವ್ ಕೊಯ್ದ್ರಾ ಅಕ್ಕೋರೆ?" ಎಂದರು. ಸಿಟ್ಟಿನಲ್ಲಿ ಹೇಳಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು.

ಪ್ರಾಧ್ಯಾಪಕರು ಹೇಳಿದ ಆ ಬಾಗಿಲಲ್ಲಿ ನಿಂತವಳು ನಾನೇ ಎನ್ನುವುದು ಆಗ ಪೂರ್ತಿ ಅರ್ಥವಾಯಿತು. ನಾನು ಅಲ್ಲಿ ಇಲ್ಲದ ದಿನವೂ ಅವಳು ನನ್ನನ್ನು ಅಲ್ಲಿ ಹುಡುಕುತ್ತಿದ್ದಳು. "ನಿನ್ನ ಊಟ ಆರ್ತದೆ, ಉಣ್ಣು. ನಂಗೆ ಸ್ವಲ್ಪ ಕೆಲ್ಸ ಅದೆ," ಎಂದು ಮಗಳಿಗೆ ಹೇಳಿ, ಹೊರಟು ನಿಂತಿದ್ದ ಅಂಕೋಲೆಯ ಬಸ್ಸು ಹತ್ತಿದೆ. ಕಾರವಾರದಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ.

ಆ ವಾರ ನಾನು ಪಟ್ಟ ಪಾಡು ನನಗೇ ಗೊತ್ತು. ಬೆಳಿಗ್ಗೆ ಎಬ್ಬಿಸುವ ಫೋನು ಮಾಡಲಿಲ್ಲ. ಅವಳು ಒಂದು ದಿನ ತಡವಾಗಿ ಎದ್ದು ಮೊದಲ ತರಗತಿ ತಪ್ಪಿಸಿಕೊಂಡಳಂತೆ, ಮರುದಿನದಿಂದ ತಾನೇ ಎದ್ದಳಂತೆ. ಪ್ರಾಧ್ಯಾಪಕರ ನಂಬರು ಒತ್ತಲು ಹೋಗಿ ಮೂರು ಸಲ ಕೈ ಹಿಂತೆಗೆದೆ. ಪರೀಕ್ಷೆಯ ದಿನಕ್ಕೆಂದು ಬರೆದಿಟ್ಟಿದ್ದ ರಜೆಯ ಅರ್ಜಿಯನ್ನು ಹರಿದು ಹಾಕಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ರೂಢಿಯಂತೆ ಡಬ್ಬಿ ತೆಗೆದೆ. ಅಷ್ಟು ದಿನ ಆ ಹೆಂಗಸು ನನ್ನ ಪಾತ್ರೆಗೆ ಏನಾದರೊಂದು ಹಾಕಿ ತಿರುಗಿಸಿದ್ದರು, ನಾನು ಅವರಿಗೆಂದು ಒಂದು ತುತ್ತೂ ಕಳಿಸಿರಲಿಲ್ಲ. ಡಬ್ಬಿಯ ತುಂಬ ಸಿಹಿ ಅವಲಕ್ಕಿ ತುಂಬಿ, ಕಂಡಕ್ಟರ ಕೈಗೆ ಕೊಟ್ಟು, "ಇದು ಸೊಪ್ಪಿನವರಿಗೆ. ಮಗಳಿಗಲ್ಲ," ಎಂದೆ. ಅಂದು ತರಗತಿಯಲ್ಲಿ ನಾನು ಏನು ಪಾಠ ಮಾಡಿದೆನೋ, ಮಕ್ಕಳನ್ನೇ ಕೇಳಬೇಕು.

ಸಂಜೆ ಡಬ್ಬಿಯ ಬಸ್ಸಿಗೆ ಕಾಯುತ್ತ ನಿಂತಿದ್ದರೆ ಡಬ್ಬಿ ಹಿಡಿದುಕೊಂಡು ಮಗಳೇ ಇಳಿದಳು. ಬರುತ್ತೇನೆಂದು ಹೇಳಿರಲಿಲ್ಲ, ನನ್ನನ್ನು ಕೇಳಿಯೂ ಇರಲಿಲ್ಲ. ಬಾಯಿಗೆ ಹತ್ತು ಪ್ರಶ್ನೆ ಬಂದವು. ಅವಳು ಕೈ ಎತ್ತಿ ತಡೆದಳು.

"ಹೇಳ್ತೆ ಆಯಿ. ಆದ್ರೆ ಮುಗಿಯೂವರೆಗೆ ನೀ ಮಧ್ಯ ಬಾಯಿ ಹಾಕೂಕಾಗ."

ಮನೆಯವರೆಗೂ ಹಲ್ಲು ಕಚ್ಚಿ ನಡೆದೆ. ಅಡುಗೆಮನೆಯಲ್ಲಿ ಕುಳಿತು ಅವಳು ಹೇಳಿದಳು. ಪರೀಕ್ಷಕರು ಗುರುತೇ ಇಲ್ಲದ ಒಂದು ಟೊಂಗೆಯನ್ನು ಕೈಗೆ ಕೊಟ್ಟು ಇದು ಯಾವುದು ಎಂದರಂತೆ. "ಗೊತ್ತಿಲ್ಲ ಸರ್, ನೋಡಿ ಹೇಳ್ತೇನೆ" ಎಂದು ಎಲೆಯನ್ನು ತಿಕ್ಕಿ ಮೂಸಿ, ಹೂವಿನ ಎಸಳು ಎಣಿಸಿ, ಯಾವ ಕುಟುಂಬದ್ದೆಂದು ಹೇಳಿದಳಂತೆ. ಆಮೇಲೆ ಅವರು ಕೇಳುತ್ತ ಹೋದರು, ಇವಳು ಹೇಳುತ್ತ ಹೋದಳು. ಎರಡು ಉತ್ತರ ತಪ್ಪಾಯಿತಂತೆ. ಪಾಸಾಗುವುದಕ್ಕೆ ತೊಂದರೆ ಇಲ್ಲವೆಂದು ಅವರ ಪ್ರಾಧ್ಯಾಪಕರು ಹೇಳಿ ಕಳಿಸಿದ್ದರು.

ನಾನು ಒಂದು ತಾಟನ್ನು ಅವಳ ಮುಂದೆ ಸರಿಸಿದೆ. ಅವಳು ಡಬ್ಬಿಯ ಮುಚ್ಚಳ ತೆಗೆದು ಬಿಂಬಲಿಗಳನ್ನು ಒಂದೊಂದಾಗಿ ತಾಟಿಗೆ ಹಾಕುತ್ತ, ತಲೆ ಎತ್ತದೆ ಹೇಳಿದಳು:

"ಮೊದ್ಲ ಪ್ರಶ್ನೆ ಕೇಳಿದಾಗ ಬಾಗ್ಲ ಕಡೆ ನೋಡ್ದೆ ಆಯಿ. ನೀ ಇರಲಿಲ್ಲ. ಇನ್ನು ಬರೂದೂ ಇಲ್ಲ ಅಂತ ಅನ್ನಿಸ್ತು. ಹಂಗಾಗಿ ನಾನೇ ಹೇಳ್ದೆ."