ಜಿಂಕ್ ಬೇಕು ಅಂದವಳು ನಾನೇ

ಹೊಳಪಿನ ಹುಚ್ಚು ಹಿಡಿದವರ ಜೊತೆ ಲೋಹದ ಕೆಲಸ ಮಾಡಬಾರದು. ಈ ಮಾತು ಹೇಳುವಾಗ ನನಗೆ ಈಗಲೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ. ಬರಲಿ, ಅದನ್ನು ನುಂಗಿಕೊಳ್ಳುವ ಉದ್ದೇಶ ನನಗಿಲ್ಲ.

ಕೊಳ್ಳೇಗಾಲದಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಇರುವ ಶೆಡ್ಡಿನಲ್ಲಿ ನನ್ನ ಗಂಡನ ವರ್ಕ್‌ಶಾಪು. ಗಂಡ, ಮೈದುನ ಇಬ್ಬರೂ ಸೇರಿ ಮೆಷಿನ್ ಓಡಿಸುತ್ತಾರೆ. ನಾನು ಡಿಪ್ಲೊಮಾ ಓದಿದವಳು. ತಯಾರಾದ ಭಾಗಗಳ ಅಳತೆ ನೋಡುವುದು, ಯಾವುದಕ್ಕೆ ಯಾವ ಲೇಪ ಹಾಕಿಸಬೇಕು ಅಂತ ಹೇಳುವುದು ನನ್ನ ಕೆಲಸವಾಗಿತ್ತು. ಅದಕ್ಕೆ ಕಿಟಕಿ ಪಕ್ಕ ಒಂದು ಮೇಜು. ಆ ಮೇಜೇನು ಯಾರೂ ಪ್ರೀತಿಯಿಂದ ಕೊಟ್ಟಿದ್ದಲ್ಲ. ಹೆಂಗಸಿಗೆ ಕಬ್ಬಿಣದ ಸಹವಾಸ ಯಾಕೆ ಅನ್ನುತ್ತಿದ್ದ ಅತ್ತೆಯ ಜೊತೆ ವರ್ಷಗಟ್ಟಲೆ ಕಾದಾಡಿ ಗಿಟ್ಟಿಸಿಕೊಂಡಿದ್ದೆ.

ರಾಮಾಪುರದ ಒಬ್ಬರು ಸೋಲಾರ್ ಬೇಲಿ ಹಾಕಿಸುವ ಕಂಟ್ರಾಕ್ಟರು. ಲೊಕ್ಕನಹಳ್ಳಿ ಸುತ್ತಮುತ್ತ ಕಾಡಂಚಿನ ಹೊಲಗಳಿಗೆ ಹಂದಿ, ಆನೆ ನುಗ್ಗದ ಹಾಗೆ ತಂತಿ ಎಳೆಸುತ್ತಿದ್ದರು. ಆ ತಂತಿ ಬಿಗಿಮಾಡುವ ಉಕ್ಕಿನ ಪಿನ್ನು ನಮ್ಮಲ್ಲಿ ಮಾಡಿಸಲು ಬಂದರು. ಬೆರಳುದ್ದದ ಪಿನ್ನು, ಒಂದು ತುದಿಗೆ ಥ್ರೆಡ್ಡು. ಕೂದಲೆಳೆಯಷ್ಟು ದಪ್ಪ ಹೆಚ್ಚಾದರೂ ನಟ್ಟು ಏರುವುದಿಲ್ಲ. ಮೇಲೆ ಬೀಳುವ ಲೇಪದ ದಪ್ಪವನ್ನೂ ಲೆಕ್ಕ ಹಾಕಿ ಮೊದಲೇ ಅಷ್ಟು ಸಣ್ಣಗೆ ಕಡೆಯಬೇಕು.

ಮೈದುನನಿಗೆ ನಿಕ್ಕಲ್ ಬೇಕು. ಕನ್ನಡಿ ಹಂಗೆ ಹೊಳೆಯುತ್ತೆ, ಪಾರ್ಟಿ ನೋಡಿದ ತಕ್ಷಣ ಒಪ್ಪಿಕೊಳ್ತಾರೆ ಅಂತ ಅವನ ವಾದ. ಬೆಳ್ಳಗಿರೋದೆಲ್ಲ ಹಾಲಲ್ಲ ಕಣಪ್ಪ ಅಂದೆ. ನಿಕ್ಕಲ್ ಒಂದು ಕಡೆ ಗೀರಿದರೆ ಸಾಕು, ಒಳಗಿನ ಉಕ್ಕು ತುಕ್ಕು ಹಿಡಿಯುತ್ತೆ. ಜಿಂಕ್ ಹಾಗಲ್ಲ, ತಾನು ಸವೆದು ಉಕ್ಕನ್ನು ಕಾಯುತ್ತೆ. ಬೇಲಿಯ ತಂತಿಗೂ ಜಿಂಕ್ ಲೇಪವೇ ಇರೋದು, ಎರಡಕ್ಕೂ ಹೊಂದುತ್ತೆ. ಜಿಂಕಿನ ಮೇಲೆ ಹಳದಿ ಪೊರೆ ಕೊಡ್ತಾರೆ. ನೋಡೋಕೆ ಚೆಂದ ಇರಲ್ಲ, ಆದರೆ ಮಳೆ ಇಬ್ಬನಿ ತಡೆಯೋದು ಅದೇ. ಇಷ್ಟನ್ನೂ ಬಿಡಿಸಿ ಹೇಳಿದೆ. ಮೈದುನ ಮೂತಿ ತಿರುಗಿಸಿದ. ಗಂಡ ಎಲ್ಲ ಕೇಳಿಸಿಕೊಂಡು ಕೊನೆಗೆ ಅಂದದ್ದು ಇಷ್ಟೇ: "ಆಯ್ತು, ಜಿಂಕೇ ಆಕ್ಸು. ಕೆಟ್ರೆ ಮಾತ್ರ ಆ ಮೇಜು ಬುಟ್ಬುಡು. ಒಪ್ಗೆನಾ?"

ಒಪ್ಪಿದೆ. ನನ್ನ ಲೆಕ್ಕದ ಮೇಲೆ ನನಗೆ ಅಷ್ಟು ನಂಬಿಕೆ.

ಮೈಸೂರಿನಿಂದ ಲೇಪ ಹಾಕಿಸಿಕೊಂಡು ಪಿನ್ನುಗಳು ಬಂದವು. ಒಂದೊಂದಾಗಿ ನೋಡಿದೆ. ಹಳದಿ ಪೊರೆ ಸಮನಾಗಿ ಕೂತಿತ್ತು, ನಟ್ಟು ಬೆಣ್ಣೆಯಂತೆ ತಿರುಗುತ್ತಿತ್ತು. ಹೊಸ ಪಾರ್ಟಿಯ ಮೊದಲ ಮಾಲನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿಯೇ ಕಳಿಸುವುದು ನಮ್ಮ ಮನೆ ಪದ್ಧತಿ. ಪೆಟ್ಟಿಗೆಯನ್ನು ದೇವರ ಮನೆಯಲ್ಲಿಟ್ಟು ನಾನು ಯಳಂದೂರಿಗೆ, ತವರಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಮೈದುನ ಪ್ಯಾಕ್ ಮಾಡಿ ಕಳಿಸಿಯೂ ಆಗಿತ್ತು.

ಒಂದು ಮಳೆ ಹಿಡಿದು ಬಿಟ್ಟಿತು, ಅಷ್ಟೇ. ಕಂಟ್ರಾಕ್ಟರು ಬಂದು ಒಂದು ಚೀಲವನ್ನು ನನ್ನ ಮೇಜಿನ ಮೇಲೆ ಸುರಿದರು. ಪಿನ್ನುಗಳ ಮೈಮೇಲೆ ಸುಣ್ಣದಂಥ ಬಿಳಿ ಪುಡಿ, ಥ್ರೆಡ್ಡಿನ ಸಂದಿನಲ್ಲಿ ಕೆಂಪು ತುಕ್ಕು. ತಂತಿ ಜೋತುಬಿದ್ದು, ಬಿಗಿಯಲು ಹೋದರೆ ನಟ್ಟು ಅಲ್ಲಾಡದೆ, ಹಂದಿಗಳು ನುಗ್ಗಿ ಜೋಳ ತಿಂದು ಹೋಗಿದ್ದವಂತೆ. ಜಿಂಕು ಅಂದೋರು ನೀವೇ ಅಲ್ವೇನವ್ವ ಅಂದರು.

ಮೈಸೂರಿನ ಲೇಪದವನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವನೂ ಬಿಡಲಿಲ್ಲ, ನಾನು ಕಳಿಸಿದ ಮಾಲು ಹಳದಿ ಇತ್ತೋ ಇಲ್ವೋ, ನೀವೇ ನೋಡಿ ತಗೊಂಡ್ರಲ್ಲ ಅಂತ ಕೂಗಾಡಿ ಫೋನಿಟ್ಟ. ಮೈದುನ ಹಿಂದಿನಿಂದ, "ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ" ಅಂದು ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು. ಒಂದು ಪಿನ್ನು ಎತ್ತಿಕೊಂಡು ಪುಡಿ ಒರೆಸಿ ನೋಡಿದೆ. ಎಲ್ಲೂ ಹಳದಿಯ ಸುಳಿವಿಲ್ಲ. ಈ ಹಳದಿ ಎಲ್ಲಿ ಹೋಯಿತು ಅಂತ ಜೋರಾಗಿಯೇ ಕೇಳಿದೆ.

ಕಂಟ್ರಾಕ್ಟರಿಗೆ ಕಾಫಿ ತಂದಿದ್ದ ಅತ್ತೆ ಲೋಟ ಕೊಡುತ್ತಾ ಹೆಮ್ಮೆಯಿಂದ ಹೇಳಿದರು: "ಅಳದಿ ಎಲ್ಲದೆ ಕಣಮ್ಮಿ, ಕಿಲುಬು ಇಡ್ದಿತ್ತು. ದೇವ್ರ ಮುಂದಕ್ಕೆ ಅಂಗೇ ಮಡಗದಾ? ಉಣ್ಸೆಣ್ಣಲ್ಲಿ ನೆನಾಕಿ ನಾನೇ ತಿಕ್ಕುದ್ನಲ್ಲ. ದೀಪದ್ ಕಂಬ ಇದ್ದಂಗೆ ಬಂದಿದ್ವು."

ಹುಣಸೆಹುಳಿ! ಹಳದಿ ಪೊರೆಯ ಜೊತೆಗೆ ಜಿಂಕನ್ನೂ ತಿಂದು ಹಾಕಿತ್ತು. ನಾನು ಮೈದುನನ ಕಡೆ ತಿರುಗಿದೆ. ಪ್ಯಾಕ್ ಮಾಡಿದವನು ಅವನು. ಬಣ್ಣ ಹೋದದ್ದು ಕಣ್ಣಿಗೆ ಬೀಳಲಿಲ್ಲವೇ? ಬಿದ್ದಿತ್ತು. ಹೊಳೆಯುತ್ತಿದೆ ಅಂತ ಖುಷಿಯಾಗಿ ಬಾಯಿ ಮುಚ್ಚಿಕೊಂಡಿದ್ದ. ಕಂಟ್ರಾಕ್ಟರು ಕಾಫಿ ಕುಡಿಯದೆ ಲೋಟ ಇಟ್ಟು ಎದ್ದು ಹೋದರು.

ಈಗಲಾದರೂ ಗಂಡ ನನ್ನ ಪರ ನಿಲ್ಲುತ್ತಾನೆ ಅಂದುಕೊಂಡೆ, ನನ್ನ ದಡ್ಡತನ. ಇನ್ನು ಮೇಲೆ ಎಲ್ಲದಕ್ಕೂ ನಿಕ್ಕಲ್ಲೇ ಹಾಕ್ಸುವ ಅಂದ. ಅವ್ವ ತಿಕ್ಕಿದರೂ ಅದಕ್ಕೇನೂ ಆಗಲ್ಲವಂತೆ. ಹೊಲದಲ್ಲಿ ನಿಲ್ಲುವ ಪಿನ್ನಿಗೆ ಲೇಪ ಆರಿಸುವುದು ನಿಮ್ಮವ್ವನ ಹುಣಸೆಹಣ್ಣು ನೋಡಿಕೊಂಡಾ ಅಂತ ಕೇಳಿದೆ. ತಿಕ್ಕಬೇಡ ಅಂತ ಆಕೆಗೆ ಒಂದು ಮಾತು ಹೇಳಲು ಏನು ಧಾಡಿ ಅಂತಲೂ ಕೇಳಿದೆ.

"ಈ ವಯಸ್ನಲ್ಲಿ ಅವ್ವುನ್ ಮನ್ಸು ನೋಯ್ಸಕಾಯ್ತದಾ? ಕೆಟ್ರೆ ಮೇಜು ಬುಡ್ತೀನಿ ಅಂತ ನೀನೇ ಒಪ್ಕಂಡಿದ್ದೆ" ಅಂದ.

ಅಳತೆ ನೋಡುವ ಮೈಕ್ರೋಮೀಟರನ್ನು ಮೇಜಿನ ಮೇಲಿಟ್ಟು ಬಂದೆ. ಅತ್ತ ತಿರುಗಿ ನೋಡಿಲ್ಲ. ಈಗ ಬೆಳಿಗ್ಗೆ ಬಸ್ಸು ಹತ್ತಿ ನಂಜನಗೂಡಿನ ಕಡೆ ಒಂದು ಫ್ಯಾಕ್ಟರಿಗೆ ಹೋಗುತ್ತೇನೆ, ಅಲ್ಲಿಯೂ ಇದೇ ಕೆಲಸ. ಮನೆಯಲ್ಲಿ ಅಡುಗೆ ಮಾಡುತ್ತೇನೆ, ಬಡಿಸುತ್ತೇನೆ. ಮಾತು ಎಷ್ಟು ಬೇಕೋ ಅಷ್ಟೇ.

ಮೊನ್ನೆ ಊಟಕ್ಕೆ ಕೂತ ಗಂಡ ಮುದ್ದೆ ಮುರಿಯುತ್ತಾ, ಆ ಬೇಲಿ ಕಂಟ್ರಾಕ್ಟರು ಈಗ ಪಿನ್ನು ಎಲ್ಲಿ ಮಾಡಿಸುತ್ತಾರೋ ಏನಾದರೂ ಗೊತ್ತಾ ಅಂತ ಕೇಳಿದ. ಅತ್ತೆ, ಮೈದುನ ಇಬ್ಬರೂ ಪಕ್ಕದಲ್ಲೇ ಕೂತಿದ್ದರು.

"ಗೊತ್ತು" ಅಂದೆ. "ನಮ್ಮ ಫ್ಯಾಕ್ಟ್ರೀಲಿ. ನಾನು ನೋಡಿ ಪಾಸ್ ಮಾಡುದ್ರೇನೇ ಅವ್ರು ತಕಂಡೋಗದು."

ಗಂಡನ ಕೈ ತಟ್ಟೆಯಲ್ಲೇ ನಿಂತಿತು. ಸಾರು ಇನ್ನೊಂದು ಸೌಟು ಬೇಕಾ ಅಂತ ಕೇಳಿದೆ.