ಓಕ್‌ಸುನ್ ಹಿಮ್ಮಡಿಯ ಕುಳಿ

ಬೆಳಗಿನ ಐದೂವರೆ. ಗುಮ್ಸಾನ್ ಊರಿನ ಜಿನ್ಸೆಂಗ್ ಕಷಾಯದ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಮಾ ಓಕ್‌ಸುನ್ ಬಿಳಿ ಕಾಲುಚೀಲ ಏರಿಸಿಕೊಂಡು, ಬಟ್ಟೆ ಸುತ್ತಿದ ಗೋಧಿ ನುಚ್ಚಿನ ಮುದ್ದೆಯ ಮೇಲೆ ಹತ್ತಿ ನಿಲ್ಲುತ್ತಾರೆ. ಗೋಡೆಯ ಕಂಬಿ ಹಿಡಿದು ಅದನ್ನು ತುಳಿದು ಬಿಲ್ಲೆ ಮಾಡುತ್ತಾರೆ: ಅಂಚಿಗೆ ಪಾದ, ನಡುವಿಗೆ ಹಿಮ್ಮಡಿ. ವಯಸ್ಸು ಅರವತ್ತಮೂರು. ದಿನಕ್ಕೆ ನಲವತ್ತು ಬಿಲ್ಲೆ, ವಾರಕ್ಕೆ ಆರು ದಿನ, ಮೂವತ್ತೊಂದು ವರ್ಷದಿಂದ. ಒಂಬತ್ತಕ್ಕೆ ಪ್ರವಾಸಿಗರ ಬಸ್ಸು ಬರುವುದರೊಳಗೆ ಮುಗಿಸಿ ಜಾಗ ಖಾಲಿ ಮಾಡಬೇಕು.

ಈ ಬಿಲ್ಲೆಗೆ ನಾವು ನುರುಕ್ ಎನ್ನುತ್ತೇವೆ. ಮೂರು ವಾರದಲ್ಲಿ ಇದಕ್ಕೆ ಹಳದಿ ಬೂಷ್ಟು ಹಿಡಿಯುತ್ತದೆ. ಜಿನ್ಸೆಂಗ್ ಬೇರಿನ ಸತ್ವ ಇರುವುದು ಅದರ ಸಪೋನಿನ್‌ಗಳಲ್ಲಿ. ಆದರೆ ಸಕ್ಕರೆಯ ಕಣಗಳನ್ನು ಹೊತ್ತ ಅವು ಕರುಳಿನಿಂದ ರಕ್ತಕ್ಕೆ ಇಳಿಯಲು ತಿಣುಕುತ್ತವೆ. ಬೇರಿನ ಕಷಾಯಕ್ಕೆ ನುರುಕ್ ಹಾಕಿ, ಬೂಷ್ಟಿನ ಕಿಣ್ವಗಳು ಆ ಸಕ್ಕರೆಯನ್ನು ಕತ್ತರಿಸಿದ ಮೇಲೆಯೇ ಮದ್ದು ಮೈಗೆ ಹತ್ತುವುದು.

“ಕಿಣ್ವ ಗಿಣ್ವ ನಂಗೊತ್ತಿಲ್ಲಪ್ಪ. ಕಷಾಯ ಹದಕ್ಕೆ ಬಂದ್ರೆ ಕಹಿ ನಾಲಿಗೆ ಬಿಟ್ಟು ಗಂಟಲಿಗೆ ಇಳಿಯುತ್ತೆ. ಅಷ್ಟು ಗೊತ್ತು,” ಎನ್ನುತ್ತಾರೆ ಓಕ್‌ಸುನ್.

ಐದು ವರ್ಷದ ಹಿಂದೆ ಬಂದ ಮ್ಯಾನೇಜರ್ ಪ್ಯೋಗೆ ಈ ತುಳಿತ ಕಂಡು ಮೈಯೆಲ್ಲ ಮುಳ್ಳಾಯಿತು. “ಚಿಕ್ಕಮ್ಮ,” ಎಂದರು, ಕಾರ್ಖಾನೆಯಲ್ಲಿ ಎಲ್ಲರೂ ಕರೆಯುವ ಹಾಗೆ, “ಜನ ಕುಡಿಯೋದು ಇದು. ಕಾಲಲ್ಲಿ ತುಳೀತೀವಿ ಅಂತ ಗೊತ್ತಾದ್ರೆ ಯಾರು ಕೊಳ್ತಾರೆ?” ಒತ್ತುವ ಯಂತ್ರ ಬಂತು, ಓಕ್‌ಸುನ್ ಕೈಗೆ ಪೊರಕೆ ಬಂತು. ಯಂತ್ರದ ಬಿಲ್ಲೆ ಸಪಾಟು, ನೋಡಲು ಬಲು ಚೆಂದ. ಒಳಗೆ ಮಾತ್ರ ಪಸೆ ಆರದೆ ಕಪ್ಪಗೆ ಕೊಳೆಯಿತು. ಅದನ್ನು ಹಾಕಿದ ಕಷಾಯದಲ್ಲಿ ಸಪೋನಿನ್ ಇದ್ದ ಹಾಗೇ ಕೂತಿತ್ತು. ಲ್ಯಾಬಿನವರು ತಿಂಗಳುಗಟ್ಟಲೆ ತಲೆ ಕೆರೆದುಕೊಂಡರು.

“ನಡುವೆ ಕುಳಿ ಇಲ್ದಿದ್ರೆ ಒಳಗೆ ಒಣಗೋದು ಹೇಗೆ? ಮೊದಲ ದಿನವೇ ಹೇಳಿದ್ದೆ. ಪೊರಕೆ ಹಿಡಿದವಳ ಮಾತು ಯಾರ್ರೀ ಕೇಳ್ತಾರೆ?”

ಕೊನೆಗೆ ವಾಪಸ್ ಕರೆದರು, ಅದೂ ಗುಟ್ಟಾಗಿ. ಪ್ರವಾಸಿಗರಿಗೆ ಇವತ್ತಿಗೂ ತೋರಿಸುವುದು ಯಂತ್ರವನ್ನೇ. ಅದು ಒತ್ತಿದ ಬಿಲ್ಲೆ ಸಂಜೆ ಹಂದಿಗಳ ಪಾಲು. ಥೂ, ನಾಚಿಕೆಗೇಡು!

ಕಳೆದ ತಿಂಗಳು ಪ್ಯೋ ಪ್ಲಾಸ್ಟರ್ ಕಲಸಿದ ಬಕೆಟ್ ಹಿಡಿದು ಬಂದರು. “ಚಿಕ್ಕಮ್ಮ, ಸ್ವಲ್ಪ ಕಾಲು ಕೊಡಿ.” ಹಿಮ್ಮಡಿಯ ಅಚ್ಚು ತೆಗೆದು ಉಕ್ಕಿನ ಹಿಮ್ಮಡಿ ಮಾಡಿಸಿದ್ದಾರೆ. ಬರುವ ಸೋಮವಾರ ಅದು ಯಂತ್ರಕ್ಕೆ ಸೇರುತ್ತದೆ. ಅಂದಿನಿಂದ ಓಕ್‌ಸುನ್‌ಗೆ ಕೆಲಸವಿಲ್ಲ.

ಪಕ್ಕದಲ್ಲೇ ಕೂತು ಇದನ್ನೆಲ್ಲ ಕೇಳುತ್ತಿದ್ದ ನನಗೆ ತಡೆಯಲಾಗಲಿಲ್ಲ. “ಗೊತ್ತಿದ್ದೂ ಯಾಕೆ ಕಾಲು ಕೊಟ್ರಿ?” ಎಂದು ರೇಗಿದೆ.

“ಈ ಮಂಡಿ ಇನ್ನೆಷ್ಟು ದಿನ ತಡೀತದೆ? ಆಮೇಲೆ ಬಿಲ್ಲೆ ಕೊಳೀಲಿ ಅಂತ ಬಿಡೋದಾ?” ಕಾಲುಚೀಲ ಕಳಚಿ ಒಡೆದ ಹಿಮ್ಮಡಿಯನ್ನು ಉಜ್ಜಿಕೊಳ್ಳುತ್ತಾರೆ. “ಉಕ್ಕಿನದ್ದು ತೋರಿಸಿದ್ರು. ಒಡಕೆಲ್ಲ ಮುಚ್ಚಿ ನುಣ್ಣಗೆ ಮಾಡಿದ್ದಾರೆ. ನಂದು ಅಂತ ನಂಗೇ ಗುರುತು ಸಿಗಲಿಲ್ಲ.”

ಅವರು ಕೇಳಿದ್ದು ಒಂದೇ: ಹೊಸ ನುರುಕ್‌ನ ಮೊದಲ ಕಷಾಯದ ರುಚಿ ನೋಡಬೇಕು. ಕೆಲಸ ಬಿಟ್ಟವರಿಗೆ ಒಳಗೆ ಪ್ರವೇಶವಿಲ್ಲವಂತೆ. “ಪ್ರವಾಸಿಗರ ಬಸ್ಸಲ್ಲಿ ಬನ್ನಿ ಚಿಕ್ಕಮ್ಮ, ಎಲ್ಲರಿಗೂ ಒಂದೊಂದು ಲೋಟ ಕೊಡ್ತೀವಲ್ಲ,” ಎಂದು ಪ್ಯೋ ನಕ್ಕರಂತೆ.

“ಬರ್ತೀನಿ, ಬಸ್ಸಲ್ಲೇ ಬರ್ತೀನಿ,” ಎನ್ನುತ್ತಾರೆ ಓಕ್‌ಸುನ್. “ಕಹಿ ಗಂಟಲಿಗೆ ಇಳೀತೋ ಇಲ್ವೋ ಅಂತ ಆ ಬಸ್ಸಲ್ಲಿ ಗೊತ್ತಾಗೋದು ನನ್ನೊಬ್ಬಳಿಗೇ.”