ಬೆಳ್ತಿಗೆ ಅಕ್ಕಿಯ ತೆಳಿ

ನೆಂಟರು ಬರ್ತಾರೆಂದು ಅಮ್ಮ ಇವತ್ತು ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನ ಬಸಿಯುತ್ತಿದ್ದಳು. ಆ ಗಂಜಿನೀರಿಗೆ ನಮ್ಮ ಕಡೆ ತೆಳಿ ಅನ್ನುತ್ತೇವೆ. ಅದರ ವಾಸನೆ ಬಂದದ್ದೇ ನನ್ನ ಎರಡೂ ಮುಷ್ಟಿ ಬಿಗಿದವು.

ನಾನು ಕರಾಟೆಯಲ್ಲಿ ಕಟಾ ಮಾಡುತ್ತಿದ್ದವಳು. ಎದುರಾಳಿ ಇಲ್ಲದೆ ಒಬ್ಬಳೇ ಗಾಳಿಗೆ ಗುದ್ದುವ ಸ್ಪರ್ಧೆ ಅದು. ಗುದ್ದು ಚುರುಕಾಗಿದ್ದರೆ ತೋಳಿನ ಬಟ್ಟೆ ಚಟ್ ಅನ್ನಬೇಕು. ನನ್ನದು ತೆಳು ಬಟ್ಟೆ, ಅದಕ್ಕೆ ಅಮ್ಮ ಗಂಜಿ ಹಾಕಿದಳು. ಮೊದಲ ಸಲ ನಾವು ದಿನಾ ಉಣ್ಣುವ ಕೆಂಪು ಕುಚ್ಚಲಕ್ಕಿಯ ತೆಳಿಯಲ್ಲೇ ಅದ್ದಿಬಿಟ್ಟಳು. ಬಿಳಿ ಡ್ರೆಸ್ ನಸುಗೆಂಪಾಗಿ, ಕುಂದಾಪುರದ ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಆಮೇಲೆ ಪ್ರತಿ ಸ್ಪರ್ಧೆಯ ಹಿಂದಿನ ದಿನ ಹೆಮ್ಮಾಡಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ಬೆಳ್ತಿಗೆ ಅನ್ನವೇ.

"ಇದ್ ಉಂಡ್ರೆ ಹೊಟ್ಟಿ ತುಂಬುದಿಲ್ಲ," ಅಪ್ಪಯ್ಯ ಗೊಣಗುತ್ತಿದ್ದರು.

ಅಮ್ಮನಿಗೆ ಸ್ಪರ್ಧೆ ನೋಡಲು ಹೆದರಿಕೆ. ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತು ಬಟ್ಟೆಯ ಸದ್ದು ಕೇಳುತ್ತಿದ್ದಳು. ನಾನು ಪದಕ ತಂದು ತೋರಿಸಿದರೂ, "ಎಡ್ಗೈ ಒಂದ್ಸಲ ಸದ್ದ್ ಮಾಡ್ಲಿಲ್ಲ ಮಗಾ," ಅನ್ನುವಳು. ಅವಳ ಕಿವಿ ಒಮ್ಮೆಯೂ ತಪ್ಪಿದ್ದಿಲ್ಲ.

ಮೊಣಕಾಲು ಕೈಕೊಟ್ಟು ನಾನು ಸ್ಪರ್ಧೆ ಬಿಟ್ಟು ವರ್ಷವಾಯಿತು. ಕೂತರೆ ಏಳಬೇಕು ಅನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗುವುದೆಂದು ಗೊತ್ತಾಗುವುದಿಲ್ಲ. ಇವತ್ತೂ ತಡೆಯಲಾರದೆ ಜಗಲಿಯಲ್ಲಿ ನೈಟಿಯಲ್ಲೇ ನಿಂತು ಎರಡು ಗುದ್ದು ಗುದ್ದಿದೆ. ನೆಲಕ್ಕೆ ಕಾಲು ಬಡಿದ ಸದ್ದು ಮಾತ್ರ ಕೇಳಿತು. ನೈಟಿಯ ತೋಳು ಚಟ್ ಅನ್ನಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಮಗಾ," ಅಮ್ಮ ಕರೆದಳು, "ಆ ಬಿಳಿ ಬಟ್ಟಿ ತಕಂಡ್ ಬಾ. ತೆಳಿ ಚೆಲ್ಲಲಿಲ್ಲ, ಇನ್ನೂ ಬಿಸಿ ಆರ್ಲಿಲ್ಲ."